ಸಾಹುಕಾರನಿಲ್ಲದ ಮಗ್ಗ

‘ನೇಕಾರರಿಂದ ನೇರ ನಿಮ್ಮ ಮನೆಗೆ’ ಎನ್ನುವ ಭರವಸೆಯ ಮೇಲೆ ಕೈಮಗ್ಗದ ಸೀರೆಗಳು ಈಗ ಮೊಬೈಲ್‌ನಲ್ಲೇ ಬಿಕರಿಯಾಗುತ್ತವೆ. ಮೊಳಕಾಲ್ಮೂರು ರೇಷ್ಮೆಯೂ ಅವುಗಳಲ್ಲೊಂದು. ಮಧ್ಯವರ್ತಿ ತಪ್ಪಿದರೆ ಕೊಳ್ಳುವವರಿಗೆ ಅಗ್ಗ, ನೇಯುವವರಿಗೆ ಲಾಭ ಎಂಬುದು ಇದರ ಹಿಂದಿನ ಲೆಕ್ಕ. ಕೇಳಲು ಚೆನ್ನ. ಆದರೆ ಮಧ್ಯವರ್ತಿಯ ಕೆಲಸ ಮಾರುವುದಷ್ಟೇ ಎಂದು ಈ ಲೆಕ್ಕ ಹಾಕಿದವರು ತಿಳಿದಂತಿದೆ. ರೇಷ್ಮೆ ನೇಯುವ ಊರುಗಳಲ್ಲಿ ಸಾಹುಕಾರ ಮೊದಲು ಬಂಡವಾಳ ಹಾಕುವವನು, ಆಮೇಲೆ ವ್ಯಾಪಾರಿ. ರೇಷ್ಮೆ, ಜರಿ ಕೊಡುವವನು ಅವನು. ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದಾಗ ಮುಂಗಡ ಕೊಡುವವನೂ ಅವನೇ. ಹೀಗೆ ಮಜೂರಿಗೆ ನೇಯುವವನಿಗೆ ತಾನು ನೇಯ್ದ ಸೀರೆಯೇ ತನ್ನದಲ್ಲ, ಇನ್ನು ಮಾರುವುದೆಲ್ಲಿಂದ ಬಂತು? ‘ನೇರ’ ಮಾರಾಟಕ್ಕೆ ಇಳಿಯಬಲ್ಲವರು ಸಾಹುಕಾರರು, ಇಲ್ಲವೇ ಬೆಂಗಳೂರಿನ ವ್ಯಾಪಾರಿಗಳು. ನೇಕಾರನ ಪಾಲಿಗೆ ಉಳಿಯುವುದು ಜಾಹೀರಾತಿನಲ್ಲಿ ಅವನ ಫೋಟೊ.

ದುಡ್ಡಿದ್ದವರಿಗೂ ಈ ದಾರಿ ಸಲೀಸಾಗಿರಲಿಲ್ಲ. ಸೋಫಾ, ಮಂಚಗಳನ್ನು ಆನ್‌ಲೈನ್‌ನಲ್ಲೇ ಮಾರುತ್ತೇವೆಂದು ಬೆಂಗಳೂರಿನ ಅರ್ಬನ್ ಲ್ಯಾಡರ್ 2012ರಲ್ಲಿ ಹೊರಟಿತು; 2017ರಲ್ಲಿ ಅಂಗಡಿ ತೆರೆಯಿತು; 2020ರಲ್ಲಿ ಅದರ ಶೇ 96ರಷ್ಟು ಪಾಲು ಸುಮಾರು 182 ಕೋಟಿ ರೂಪಾಯಿಗೆ ರಿಲಯನ್ಸ್ ರೀಟೇಲ್ ಕೈಸೇರಿತು. ಸೋಫಾ ಕೊಳ್ಳುವವರಿಗೆ ಒಮ್ಮೆ ಕೂತು ನೋಡಬೇಕಲ್ಲ! ಚಳ್ಳಕೆರೆಯ ಕಂಬಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಕುರಿಯ ಉಣ್ಣೆಯ ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ನೇಯ್ದ ಕಂಬಳಿಯನ್ನು ಬಲ್ಲವರು ಮೂಲೆ ಹಿಡಿದು ಎಳೆಯುತ್ತಾರೆ, ಬೆಳಕಿಗೆ ಹಿಡಿದು ನೇಯ್ಗೆಯ ಬಿಗಿ ನೋಡುತ್ತಾರೆ, ಕೈಯಲ್ಲೆತ್ತಿ ತೂಕ ಅಂದಾಜು ಮಾಡುತ್ತಾರೆ. ಫೋಟೊದಲ್ಲಿ ಕರಿಕಂಬಳಿಗಳೆಲ್ಲ ಒಂದೇ. ಸಾಲದ್ದಕ್ಕೆ ಬೆಲೆ ಕಡಿಮೆ, ಭಾರ ಜಾಸ್ತಿ; ಕೊರಿಯರ್ ಖರ್ಚೇ ಲಾಭವನ್ನು ನುಂಗುತ್ತದೆ. ಮಡಚಿದರೆ ಪುಟ್ಟ ಪೊಟ್ಟಣವಾಗುವ, ಬೆಲೆಯೂ ಹೆಚ್ಚಿರುವ ರೇಷ್ಮೆ ಸೀರೆಗೆ ಈ ತೊಡಕಿಲ್ಲ. ಒಂದೇ ಮಂತ್ರ ಎರಡಕ್ಕೂ ಹಾಕುವುದು ತಪ್ಪು.

ಹಾಗಾದರೆ ಹಳೆಯ ವ್ಯವಸ್ಥೆಯೇ ಸರಿಯೇ ಎಂದು ಕೇಳುವವರಿದ್ದಾರೆ. ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಣ್ಣ, ಸೆರಗು ಒಪ್ಪಿಕೊಂಡು ಗಿರಾಕಿ ಅರ್ಧ ಹಣ ಮೊದಲೇ ಕಳಿಸಿದರೆ ಆ ಹಣವೇ ಸಾಹುಕಾರನ ಮುಂಗಡದ ಜಾಗಕ್ಕೆ ಬರುತ್ತದೆ. ನೇರ ಮಾರಾಟದ ನಿಜವಾದ ಸತ್ವ ಇರುವುದು ಇಲ್ಲಿ, ಅಗ್ಗದ ಬೆಲೆಯಲ್ಲಲ್ಲ. ಬೇಡವೆಂದರೆ ವಾಪಸ್ ಮಾಡಿ ಎನ್ನುವ ದೊಡ್ಡ ಜಾಲತಾಣಗಳ ಪದ್ಧತಿ ಇದಕ್ಕೆ ತದ್ವಿರುದ್ಧ. ಬಿಚ್ಚಿ, ಮೈಮೇಲೆ ಹಾಕಿ ನೋಡಿ ಹಿಂದಿರುಗಿಸಿದ ಸೀರೆಯ ನಷ್ಟ ಮಗ್ಗದ ಮನೆಗೇ ಬೀಳುತ್ತದೆ. ಸೀರೆ ಅಸಲಿ ಕೈಮಗ್ಗದ್ದೆಂದು ನಂಬಲು ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಸಿಕ್ಕ ಭೌಗೋಳಿಕ ಸೂಚಿ ಮಾನ್ಯತೆ ಸಾಕಲ್ಲ ಎಂಬ ವಾದವೂ ಇದೆ. ಅದು ಕಾಯುವುದು ಹೆಸರನ್ನು. ಸಿಲ್ಕ್ ಮಾರ್ಕ್ ಹೇಳುವುದು ನೂಲು ಅಪ್ಪಟ ರೇಷ್ಮೆ ಎಂದಷ್ಟೇ. ಪವರ್‌ಲೂಮ್ ಸೀರೆಗೂ ಅದು ಸಿಗುತ್ತದೆ. ಆದರೆ ಕೈಮಗ್ಗದಲ್ಲಿ ಮೂರು ಲಾಳಿ ಹಾಕಿ ನೇಯ್ದ ಸೀರೆಯಲ್ಲಿ ಒಡಲಿನ ಎಳೆ ಅಂಚಿನ ಎಳೆಯನ್ನು ಹೆಣೆದುಕೊಂಡ ಗುರುತು ಹಿಂಬದಿಯಲ್ಲಿ ಕಾಣುತ್ತದೆ. ಮಾರುವವರು ಸೆರಗಿನ ಹೊಳಪಿನ ಜತೆಗೆ ಈ ಹಿಂಬದಿಯ ಫೋಟೊ, ನೇಯ್ದವರಿಗೆ ಕೊಟ್ಟ ಮಜೂರಿ ಎರಡನ್ನೂ ಹಾಕಲಿ. ಆಗ ‘ನೇರ’ ಎಂಬುದನ್ನು ಗಿರಾಕಿಯೇ ಪರೀಕ್ಷಿಸಿಕೊಳ್ಳಬಹುದು.