ಅಗಾಗನಿಗೂ ಒಬ್ಬ ಅರ್ಥಧಾರಿ ಬೇಕು

ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚಿಟ್ಟ ಮೇಲೆ, ಆಟಿ ತಿಂಗಳ ಆಸುಪಾಸಿನಲ್ಲಿ, ತುಳುನಾಡಿನ ಅರ್ಥಧಾರಿಗಳು ಮುಂಬಯಿಗೆ ಬರುತ್ತಾರೆ. ಉಪನಗರಗಳ ಸಭಾಗೃಹಗಳಲ್ಲಿ ತಾಳಮದ್ದಳೆಗಳು ನಡೆಯುತ್ತವೆ. ವಾಲಿವಧೆ ಇದ್ದರಂತೂ ಹಿಂದಿನ ಸಾಲಿನವರೂ ಎದ್ದು ಹೋಗುವುದಿಲ್ಲ. ಬಾಣ ನೆಟ್ಟು ಬಿದ್ದ ವಾಲಿ ರಾಮನನ್ನು ತಡೆದು ಕೇಳುತ್ತಾನೆ: ನಿನಗೆ ನಾನು ಮಾಡಿದ ಅನ್ಯಾಯವೇನು, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷಾತ್ರ, ಅಣ್ಣ ತಮ್ಮಂದಿರ ಜಗಳದಲ್ಲಿ ನಿನಗೇನು ಕೆಲಸ? ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಗೆ ಎದುರಾಗಿ ಕೂತು ರಾಮನ ಅರ್ಥ ಹೇಳುವುದೆಂದರೆ ಹುಡುಗಾಟವಾಗಿರಲಿಲ್ಲ. ದೇವರೇ ಆದರೂ ಕೊಂದದ್ದಕ್ಕೆ ಲೆಕ್ಕ ಒಪ್ಪಿಸಬೇಕು, ಅದೂ ಸಾಯುತ್ತಿರುವವನಿಗೇ ಒಪ್ಪಿಸಬೇಕು. ಈ ಪರಂಪರೆಯ ದೊಡ್ಡತನ ಇರುವುದು ಇಲ್ಲಿ.

ಗೋರೆಗಾಂವ್ ಪೂರ್ವದ ಆರೇ ರಸ್ತೆಯಲ್ಲಿ ಸಂತ ಹತ್ತನೆಯ ಪಿಯುಸ್ ಹೆಸರಿನ ಸೆಮಿನರಿ ಇದೆ. ಮುಂಬಯಿ ಮಹಾಧರ್ಮಪ್ರಾಂತ್ಯದ ಪಾದ್ರಿಗಳಾಗುವವರು ಅಲ್ಲಿ ಓದುತ್ತಾರೆ. ಬೈಬಲಿನ ಹಳೆಯ ಒಡಂಬಡಿಕೆಯ ಯುದ್ಧಗಳನ್ನು ಹೇಗೆ ಓದಬೇಕು ಎಂಬ ಪ್ರಶ್ನೆ ಸುಮಾರು ಎರಡು ಸಾವಿರ ವರ್ಷಗಳಿಂದ ಇಂಥ ಪಾಠಶಾಲೆಗಳ ಬೆನ್ನು ಬಿಟ್ಟಿಲ್ಲ. ಅದಕ್ಕೆ ಬಂದಿರುವ ಉತ್ತರಗಳನ್ನು ತಾಳಮದ್ದಳೆ ಕೇಳಿ ಪಳಗಿದ ಕಿವಿಯಿಂದ ಒಮ್ಮೆ ಕೇಳಿ ನೋಡಬೇಕು. ಹಾಗೆ ಕೇಳಿದಾಗ ನನಗೆ ಅನಿಸುವುದು ಇಷ್ಟು: ಮೂಲಗ್ರಂಥದಲ್ಲಿ ದೇವರೊಡನೆ ವಾದಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ದೇವರ ಪರವಾಗಿ ವಕಾಲತ್ತು ಹಾಕಿದ ವ್ಯಾಖ್ಯಾನಕಾರರೇ ಅವರ ಬಾಯಿ ಮುಚ್ಚಿಸಿದರು.

ಮೊದಲು ಕಠಿಣವಾದದ್ದನ್ನೇ ನೋಡೋಣ. ಧರ್ಮೋಪದೇಶಕಾಂಡದ 20ನೆಯ ಅಧ್ಯಾಯ ಯುದ್ಧದ ನಿಯಮ ಹೇಳುತ್ತದೆ. ಹೊಸ ಮನೆ ಕಟ್ಟಿದವನು, ಹೊಸ ದ್ರಾಕ್ಷಿತೋಟ ಹಾಕಿದವನು, ಮದುವೆ ನಿಶ್ಚಯವಾದವನು, ಕೊನೆಗೆ ಹೆದರಿದವನು ಕೂಡ ಮನೆಗೆ ಹೋಗಬಹುದು. ದೂರದ ಊರುಗಳಿಗೆ ಮೊದಲು ಸಂಧಾನ. ಆದರೆ ಕಾನಾನಿನ ಊರುಗಳಲ್ಲಿ ಉಸಿರಾಡುವ ಯಾವುದನ್ನೂ ಉಳಿಸಬಾರದು. ಅದೇ ಅಧ್ಯಾಯದ ಕೊನೆಯಲ್ಲಿ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬಾರದು ಎಂಬ ಕಟ್ಟಳೆ ಇದೆ. (2019ರ ಅಕ್ಟೋಬರಿನ ಒಂದು ರಾತ್ರಿ ಆರೇಯಲ್ಲಿ ಮರಗಳು ಉರುಳಿದ್ದನ್ನು ಕಂಡ ಗೋರೆಗಾಂವ್‌ನವರಿಗೆ ಈ ಸಾಲು ಮಾತ್ರ ತುಂಬಾ ಹಿಡಿಸೀತು.) ಮರಕ್ಕೆ ಸಿಕ್ಕ ಅಭಯ ಕಾನಾನಿನ ಮಗುವಿಗೆ ಸಿಗಲಿಲ್ಲ.

ಇದಕ್ಕಿಂತ ಘೋರವಾದದ್ದು ಸಮುವೇಲನ ಮೊದಲ ಗ್ರಂಥದ 15ನೆಯ ಅಧ್ಯಾಯ. ಅಮಾಲೇಕ್ಯರ ಹಿರಿಯರು ಹಿಂದೆಂದೋ ಇಸ್ರಾಯೇಲ್ಯರ ದಾರಿಗೆ ಅಡ್ಡ ಬಂದಿದ್ದರು. ಅದಕ್ಕೆ ಈಗ ಗಂಡಸರು, ಹೆಂಗಸರು, ಮೊಲೆಯುಣ್ಣುವ ಕೂಸುಗಳು, ದನ, ಕುರಿ, ಒಂಟೆ, ಕತ್ತೆ ಎಲ್ಲವನ್ನೂ ಕೊಲ್ಲು ಎಂದು ಪ್ರವಾದಿ ಸಮುವೇಲ ಅರಸ ಸೌಲನಿಗೆ ಹೇಳುತ್ತಾನೆ. ಸೌಲ ಜನರನ್ನು ಕೊಲ್ಲುತ್ತಾನೆ. ಅರಸ ಅಗಾಗನನ್ನೂ ಕೊಬ್ಬಿದ ದನಕುರಿಗಳನ್ನೂ ಉಳಿಸಿಕೊಳ್ಳುತ್ತಾನೆ. ಬಂದ ಸಮುವೇಲ ಕೇಳುವುದು, ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಸದ್ದು ಏನು ಎಂದು. ಸೌಲನಿಂದ ಅರಸುತನ ಜಾರುವುದು ಕೊಂದದ್ದಕ್ಕಲ್ಲ, ಉಳಿಸಿದ್ದಕ್ಕೆ. ಅಗಾಗನನ್ನು ಎದುರಿಗೆ ತರುತ್ತಾರೆ. ಮರಣದ ಕಹಿ ದಾಟಿತು ಎಂಬರ್ಥದ ಒಂದೇ ಒಂದು ಮಾತು ಅವನ ಪಾಲಿಗಿದೆ. ನಿನ್ನ ಕತ್ತಿ ಎಷ್ಟೋ ತಾಯಂದಿರ ಮಡಿಲು ಬರಿದು ಮಾಡಿತು, ಇನ್ನು ನಿನ್ನ ತಾಯಿಯ ಸರದಿ ಎಂದು ಹೇಳಿ ಸಮುವೇಲ ತಾನೇ ಅವನನ್ನು ಕಡಿದು ಹಾಕುತ್ತಾನೆ. ಅಗಾಗನಿಗೆ ಈ ತೀರ್ಪು ನ್ಯಾಯವೇ ಇರಬಹುದು. ಕೂಸುಗಳ ಮಾತೇನು? ಆ ಅಧ್ಯಾಯದಲ್ಲಿ ಯಾರೂ ಕೇಳುವುದಿಲ್ಲ.

ಈ ಕಥೆಗಳನ್ನು ಓದುವ ಪರಂಪರೆಯಲ್ಲಿ ಹಲವು ಹಾದಿಗಳಿವೆ. ಎರಡನೆಯ ಶತಮಾನದ ಮಾರ್ಸಿಯನ್, ಇದು ಯೇಸುವಿನ ತಂದೆಯಾದ ದೇವರೇ ಅಲ್ಲ ಎಂದು ಹಳೆಯ ಒಡಂಬಡಿಕೆಯನ್ನೇ ಕಿತ್ತೆಸೆದ. ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಮೂರನೆಯ ಶತಮಾನದ ಒರಿಗೆನ್, ಇಸ್ರಾಯೇಲ್ಯರನ್ನು ಕಾನಾನಿನ ಮೇಲೆ ದಂಡೆತ್ತಿ ಕರೆದೊಯ್ದ ಯೆಹೋಶುವನ ಶತ್ರುಗಳನ್ನೆಲ್ಲ ನಮ್ಮೊಳಗಿನ ಕಾಮಕ್ರೋಧಗಳು ಎಂದು ಅರ್ಥೈಸಿದ. ನಮ್ಮ ಹರಿಕಥೆಯವರಿಗೆ ಈ ಜಾಡು ಚೆನ್ನಾಗಿ ಗೊತ್ತು. ಒಳಗಿನ ಶತ್ರುವಿಗೆ ಹೆಂಡತಿ ಮಕ್ಕಳಿಲ್ಲ, ಅದೇ ಅನುಕೂಲ. ಮೂರನೆಯದು ಶಿಕ್ಷೆಯ ವಾದ: ಆದಿಕಾಂಡದ 15ನೆಯ ಅಧ್ಯಾಯದ ಪ್ರಕಾರ ಕಾನಾನಿನ ಅಮೋರಿಯರ ಪಾಪದ ಕೊಡ ತುಂಬಲಿ ಎಂದು ದೇವರು ನಾನೂರು ವರ್ಷ ಕಾದ. ಪಾಪಕ್ಕೆ ಶಿಕ್ಷೆ ಎನ್ನುವುದಾದರೆ ಅಪರಾಧಿಯ ಹೇಳಿಕೆ ಎಲ್ಲಿ? ಆರೋಪಿಯ ಪರವಾಗಿ ಒಂದು ಮಾತೂ ಕೇಳದ ವಿಚಾರಣೆಯನ್ನು ವಿಚಾರಣೆ ಎನ್ನುವುದು ಹೇಗೆ?

ಕಳೆದ ಶತಮಾನದ ಉತ್ತರ ಗುದ್ದಲಿಯದ್ದು. ಯೆಹೋಶುವನ ಮುಂದೆ ಗೋಡೆ ಕುಸಿದು ಬಿತ್ತೆನ್ನುವ ಯೆರಿಕೋದಲ್ಲಿ 1952ರಿಂದ 1958ರವರೆಗೆ ಅಗೆದ ಕ್ಯಾಥ್ಲೀನ್ ಕೆನ್ಯನ್, ಯೆಹೋಶುವನ ಕಾಲ ಎನ್ನಲಾಗುವ ಹೊತ್ತಿಗೆ ಬೀಳಲು ಅಲ್ಲಿ ಕೋಟೆಗೋಡೆಯೇ ಇರಲಿಲ್ಲ ಎಂದರು. ಆಯಿ ಎಂಬ ಊರೂ ಆಗ ಶತಮಾನಗಳಿಂದ ಪಾಳು. ಹಾಚೋರ್ ಮಾತ್ರ ಸುಟ್ಟದ್ದು ನಿಜ. ಸುಟ್ಟವರು ಯಾರು ಎಂಬುದರಲ್ಲಿ ಜಗಳವಿದೆ. ಈ ಗ್ರಂಥಗಳು ಇಂದಿನ ರೂಪಕ್ಕೆ ಬರತೊಡಗಿದ್ದು ಬಹಳ ತಡವಾಗಿ, ಕ್ರಿ.ಪೂ. 7ನೆಯ ಶತಮಾನದ ಯೆಹೂದದ ಅರಸ ಯೋಷೀಯನ ಕಾಲದ ಸುಮಾರಿಗೆ ಎಂದು ಬಹಳಷ್ಟು ವಿದ್ವಾಂಸರ ಮತ. ಅಸ್ಸೀರಿಯದ ಕಾಲಡಿ ನುಗ್ಗಾದ ಸಣ್ಣ ರಾಜ್ಯವೊಂದು ತನ್ನ ಹಿಂದಿನವರನ್ನು ಅಸ್ಸೀರಿಯದಷ್ಟೇ ಉಗ್ರರನ್ನಾಗಿ ಚಿತ್ರಿಸಿಕೊಂಡಿತು. 1868ರಲ್ಲಿ ಸಿಕ್ಕ ಮೋವಾಬಿನ ಅರಸ ಮೇಷನ ಶಾಸನ ಇನ್ನೂ ಸ್ವಾರಸ್ಯದ್ದು. ಈಗ ಲೂವ್ರ್ ಮ್ಯೂಸಿಯಮ್ಮಿನಲ್ಲಿರುವ ಕ್ರಿ.ಪೂ. 9ನೆಯ ಶತಮಾನದ ಆ ಕಲ್ಲಿನಲ್ಲಿ ಮೇಷ, ನೆಬೋ ಊರಿನ 7,000 ಇಸ್ರಾಯೇಲ್ಯರನ್ನು ಕೊಂದು ತನ್ನ ದೇವರಿಗೆ ಅರ್ಪಿಸಿದೆ ಎಂದು ಬೀಗುತ್ತಾನೆ. ನಾಡು ಸೋತರೆ ದೇವರಿಗೆ ಕೋಪ, ಗೆದ್ದರೆ ಪ್ರಸಾದ: ಗಡಿಯ ಈಚೆಗೂ ಆಚೆಗೂ ಒಂದೇ ನಂಬಿಕೆ.

ಹಾಗಾದರೆ ನಡೆಯದ ಹತ್ಯೆಗೆ ತಲೆಬಿಸಿ ಯಾಕೆ? ನಡೆದಿಲ್ಲ ಎಂಬ ಸಮಾಧಾನ ನನಗೆ ಸಾಲದು. ಪ್ಯೂರಿಟನ್ ಬೋಧಕರು ಅಮೆರಿಕದ ಮೂಲನಿವಾಸಿಗಳನ್ನು ಅಮಾಲೇಕ್ಯರು ಎಂದು ಕರೆದಾಗ ಯಾರೂ ಉತ್ಖನನದ ವರದಿ ಕೇಳಲಿಲ್ಲ. 1989ರಲ್ಲಿ ಒಸೇಜ್ ಬುಡಕಟ್ಟಿನ ರಾಬರ್ಟ್ ಅಲೆನ್ ವಾರಿಯರ್, ವಿಮೋಚನೆಯ ಈ ಕಥೆಯಲ್ಲಿ ನಮ್ಮ ಪಾತ್ರ ಕಾನಾನ್ಯರದು ಎಂದು ವಾದಿಸಿದರು. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧದ ನಡುವೆ ಇಸ್ರೇಲಿನ ಪ್ರಧಾನಿ ಅಮಾಲೇಕ್ಯರನ್ನು ನೆನಪಿಸಿದರು. ದಕ್ಷಿಣ ಆಫ್ರಿಕ ಆ ಮಾತನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದಿತು. ಕಥೆಯ ಕೆಲಸ ಮುಗಿದಿಲ್ಲ.

ಗ್ರಂಥದ ಒಳಗೇ ವಾಲಿಗಳಿದ್ದಾರೆ ಎಂದೆನಲ್ಲ. ಸೊದೋಮನ್ನು ಸುಡಲು ಹೊರಟ ದೇವರನ್ನು ಅಬ್ರಹಾಮ ಅಡ್ಡಗಟ್ಟಿ, ಐವತ್ತು ನೀತಿವಂತರಿದ್ದರೆ, ನಲವತ್ತೈದಾದರೆ ಎಂದು ಚೌಕಾಸಿ ಮಾಡಿ ಹತ್ತಕ್ಕೆ ಇಳಿಸುತ್ತಾನೆ. ಲೋಕಕ್ಕೆಲ್ಲ ನ್ಯಾಯ ಹೇಳುವವನು ತಾನೇ ನ್ಯಾಯ ತಪ್ಪಬಹುದೇ ಎಂದು ಮುಖಕ್ಕೇ ಕೇಳುತ್ತಾನೆ. ಯೋನನ ಕಥೆಯಲ್ಲಿ ತಿರುಗುಮುರುಗು: ನಿನೆವೆ ಸುಡಲಿಲ್ಲವೆಂದು ಪ್ರವಾದಿಗೆ ಸಿಟ್ಟು, ಲಕ್ಷದ ಇಪ್ಪತ್ತು ಸಾವಿರ ಜನರಿದ್ದಾರೆ, ದನಕರುಗಳೂ ಇವೆ ಎಂದು ದೇವರೇ ಅವನನ್ನು ಸಮಾಧಾನಪಡಿಸಬೇಕಾಗುತ್ತದೆ.

ಯೆಹೂದ್ಯ ರಬ್ಬಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಾಲ್ಮುದಿನ ಯೋಮಾ ಭಾಗದಲ್ಲಿ ಅವರು ಸೌಲನಿಗೆ ಅಪ್ಪಟ ಅರ್ಥಗಾರಿಕೆಯನ್ನೇ ಕೊಟ್ಟಿದ್ದಾರೆ. ಹೊಲದಲ್ಲಿ ಒಬ್ಬನ ಹೆಣ ಬಿದ್ದಿದ್ದರೆ ಪ್ರಾಯಶ್ಚಿತ್ತಕ್ಕೆ ಕಡಸನ್ನು ಕೊಡಬೇಕು ಎನ್ನುತ್ತದೆ ಶಾಸ್ತ್ರ. ಹಾಗಿದ್ದರೆ ಇಷ್ಟು ಜೀವಗಳಿಗೆ ಏನು ಕೊಡುವುದು? ಮನುಷ್ಯರು ತಪ್ಪು ಮಾಡಿದರು, ದನಗಳು ಏನು ಮಾಡಿದವು? ದೊಡ್ಡವರು ಮಾಡಿದರು, ಮಕ್ಕಳು? ಆಗ ಆಕಾಶವಾಣಿ ಕೇಳುತ್ತದೆ: ಅತಿ ಧರ್ಮಿಷ್ಠನಾಗಬೇಡ. ಮುಂದೆ ಇದೇ ಸೌಲ ನೋಬ್ ಊರಿನ ಯಾಜಕರನ್ನು ಕೊಲ್ಲಿಸುವಾಗ ಮತ್ತೆ ವಾಣಿ: ಅತಿ ದುಷ್ಟನೂ ಆಗಬೇಡ. ರಬ್ಬಿಗಳು ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಆದರೆ ಪ್ರಶ್ನೆಯನ್ನು ಅಳಿಸಲೂ ಇಲ್ಲ. ಒರಿಗೆನ್‌ನ ರೂಪಕಗಳಿಗಿಂತ ಈ ಅರ್ಧ ಪುಟ ಹೆಚ್ಚು ಪ್ರಾಮಾಣಿಕ ಎಂದು ನನ್ನ ಅಭಿಪ್ರಾಯ.

ನಮ್ಮ ಪರಂಪರೆ ಮೇಲು ಎಂದು ಇದರಿಂದ ತೀರ್ಮಾನಿಸುವವರು ಸ್ವಲ್ಪ ತಾಳಬೇಕು. ವಾಲಿ ಎಷ್ಟು ಸವಾಲು ಹಾಕಿದರೂ ಕೊನೆಗೆ ಕೈ ಮುಗಿದೇ ಪ್ರಾಣ ಬಿಡುತ್ತಾನೆ. ಖಾಂಡವದಹನದಲ್ಲಂತೂ ಕೃಷ್ಣಾರ್ಜುನರು ಕಾಡಿನ ಸುತ್ತ ನಿಂತು, ಉರಿಯಿಂದ ಹೊರಗೆ ಹಾರಿದ ಜೀವಗಳನ್ನೂ ಬಿಡದೆ ಹೊಡೆಯುತ್ತಾರೆ. ಮಯ, ಅಶ್ವಸೇನ, ನಾಲ್ಕು ಹಕ್ಕಿಮರಿಗಳು ಹೀಗೆ ಕೆಲವೇ ಜೀವಗಳು ಉಳಿದವು. ಯೆರಿಕೋದಲ್ಲಿ ಇಸ್ರಾಯೇಲಿನ ಗೂಢಚಾರರನ್ನು ಅಡಗಿಸಿಟ್ಟ ರಾಹಾಬಳ ಮನೆ ಉಳಿದ ಹಾಗೆ. ಸುಟ್ಟು ಹೋದ ನಾಗರ ಪರವಾಗಿ ರಾತ್ರಿಯಿಡೀ ಅರ್ಥ ಹೇಳಿದ್ದನ್ನು ನಾನು ಕೇಳಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ಮುಂಬಯಿಯ ಬೆನೆ ಇಸ್ರೇಲ್ ಯೆಹೂದ್ಯರು ತಮ್ಮ ಶಾಸ್ತ್ರದ ಕಥೆಗಳನ್ನು ಮರಾಠಿ ಕೀರ್ತನೆಯ ಧಾಟಿಗೆ ತಂದು ಹಾಡಿದರು. ಹಾಗೆಯೇ ನಮ್ಮ ಪ್ರಸಂಗಕರ್ತರೂ ಸೌಲ, ಸಮುವೇಲ, ಅಗಾಗರನ್ನು ಒಮ್ಮೆ ಎದುರುಬದುರು ಕೂರಿಸಬಹುದು.

ಈ ಗ್ರಂಥಗಳನ್ನು ಓದಬೇಕೆಂದಿರುವವರಿಗೆ ಒಂದು ಮಾತು. ಯೆಹೋಶುವನಿಂದ ಆರಂಭಿಸಬೇಡಿ, ಪ್ರವಾದಿ ಆಮೋಸನಿಂದ ಆರಂಭಿಸಿ. ಗರ್ಭಿಣಿಯರ ಹೊಟ್ಟೆ ಸೀಳಿದ ಅಮ್ಮೋನ್ಯರನ್ನೂ, ಎದೋಮಿನ ಅರಸನ ಎಲುಬು ಸುಟ್ಟು ಸುಣ್ಣ ಮಾಡಿದ ಮೋವಾಬ್ಯರನ್ನೂ ಅವನು ಕಟಕಟೆಗೆ ಎಳೆಯುತ್ತಾನೆ. ಕೇಳುವವರು ತಲೆದೂಗುತ್ತಿರುವಾಗಲೇ ಯೆಹೂದವನ್ನೂ ಇಸ್ರಾಯೇಲನ್ನೂ ಅದೇ ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಇರುವುದು ಒಂಬತ್ತೇ ಅಧ್ಯಾಯ. ಗೋರೆಗಾಂವ್‌ನಲ್ಲಿ ಚರ್ಚ್‌ಗೇಟ್ ಸ್ಲೋ ಹತ್ತಿ, ಕೂರಲು ಜಾಗ ಸಿಕ್ಕಿದರೆ, ಇಳಿಯುವುದರೊಳಗೆ ಮುಗಿಯುತ್ತದೆ.