ಮೇಣದಬತ್ತಿ ಹಿಡಿದ ಡ್ಯೂಕ್

ಬೆನ್ನೊರಗಿಲ್ಲದ ಒಂದು ಪುಟ್ಟ ಪೀಠಕ್ಕಾಗಿ ದೊಡ್ಡ ಮನುಷ್ಯರು ಜೀವಮಾನವೆಲ್ಲ ಸೆಣಸಬಲ್ಲರೆ? ಸೇಂ-ಸಿಮೋನ್ ಡ್ಯೂಕನ ‘ಸ್ಮರಣೆಗಳು’ ಎಂಬ ಗ್ರಂಥವನ್ನು ಓದತೊಡಗಿದ ಮೊದಲ ದಿನಗಳಲ್ಲಿ ಹೀಗೆಂದು ಕೇಳಿಕೊಂಡು ನಾನು ನಕ್ಕದ್ದುಂಟು. ಇಂಗ್ಲಿಷಿನಲ್ಲಿ ಸಂಗ್ರಹಿಸಿದ ಮೂರು ಸಂಪುಟಗಳನ್ನು ಮುಗಿಸಿ ಕೆಳಗಿಟ್ಟಾಗ ಆ ನಗು ಉಳಿದಿರಲಿಲ್ಲ.

ಈತ ಹುಟ್ಟಿದ್ದು 1675ರಲ್ಲಿ, ತೀರಿಕೊಂಡದ್ದು 1755ರಲ್ಲಿ. ಯೌವನವನ್ನೂ ನಡುವಯಸ್ಸಿನ ಬಹುಭಾಗವನ್ನೂ ಕಳೆದದ್ದು ಹದಿನಾಲ್ಕನೆಯ ಲೂಯಿಯ ವರ್ಸೇಲ್ಸ್ ಅರಮನೆಯಲ್ಲಿ. 1691ರಿಂದ 1723ರವರೆಗೆ ಕಂಡದ್ದನ್ನೂ ಕೇಳಿದ್ದನ್ನೂ ಮುಪ್ಪಿನಲ್ಲಿ ಕುಳಿತು, ಎರಡೂವರೆ ಸಾವಿರಕ್ಕೂ ಮಿಕ್ಕಿದ ಪುಟಗಳಲ್ಲಿ ಬರೆದಿಟ್ಟ. ಸ್ತಾಂದಾಲ್, ಪ್ರೂಸ್ತರಂಥವರು ಮೆಚ್ಚಿದ ಈ ಪುಸ್ತಕವನ್ನು ವೈಭವದ ಚಿತ್ರಶಾಲೆಯೆಂದು ಹೊಗಳುವುದು ವಾಡಿಕೆ. ನನಗೆ ಆ ಹೊಗಳಿಕೆ ಸಾಲದು. ಇದು ವೈಭವದ ಪುಸ್ತಕವಲ್ಲ, ಅಂಜಿಕೆಯ ಪುಸ್ತಕ.

ಆ ಆಸ್ಥಾನದಲ್ಲಿ ರಾಜ ರಾಣಿಯರ ಎದುರು ಡಚೆಸ್ ಪದವಿಯ ಹೆಂಗಸು ಪುಟ್ಟ ಪೀಠದ ಮೇಲೆ ಕೂರಬಹುದಿತ್ತು. ಅದಕ್ಕಿಂತ ಕೆಳಗಿನ ಅಂತಸ್ತಿನವಳು ನಿಲ್ಲಬೇಕಿತ್ತು. ಅರಸ ಪ್ರಯಾಣ ಹೊರಟಾಗ ಬಿಡದಿಗಳ ಬಾಗಿಲ ಮೇಲೆ ಸೀಮೆಸುಣ್ಣದಿಂದ ಹೆಸರು ಬರೆಯುತ್ತಿದ್ದರು. ರಾಜವಂಶದವರಿಗೂ ಕಾರ್ಡಿನಲ್‌ಗಳಿಗೂ ‘ಇಂಥವರಿಗಾಗಿ’ ಎಂಬ ಒಕ್ಕಣೆ. ಉಳಿದವರಿಗೆ ಬರಿಯ ಹೆಸರು. ಆ ಒಂದು ವಿಭಕ್ತಿ ಪ್ರತ್ಯಯಕ್ಕಾಗಿ ಹೊಟ್ಟೆಕಿಚ್ಚು! ಪ್ಯಾರಿಸ್ಸಿನ ಉಚ್ಚ ನ್ಯಾಯಸಭೆಯ ಅಧ್ಯಕ್ಷ ಡ್ಯೂಕರ ಅಭಿಪ್ರಾಯ ಕೇಳುವಾಗ ಟೋಪಿ ತೆಗೆಯಬೇಕೇ ಬೇಡವೇ ಎಂಬ ವ್ಯಾಜ್ಯವನ್ನು ಸೇಂ-ಸಿಮೋನ್ ರಾಜ್ಯದ ಅಳಿವು ಉಳಿವಿನ ಪ್ರಶ್ನೆಯೆಂಬಂತೆ ನಡೆಸಿದ.

ಇಷ್ಟು ಸೂಕ್ಷ್ಮವಾದ ಕಣ್ಣಿಗೆ ಕಾಣದೆ ಹೋದದ್ದೂ ಇದೆ. ವಿಮರ್ಶಕ ಅದನ್ನೂ ಹೇಳಬೇಕು. ಫ್ರಾನ್ಸಿನ ಬಹುಭಾಗದಲ್ಲಿ ರೈತ ತೆರುತ್ತಿದ್ದ ನೇರ ಕಂದಾಯ ಕುಲೀನನನ್ನು ಮುಟ್ಟುತ್ತಿರಲಿಲ್ಲ. ಬೇಟೆ ಅವನ ಹಕ್ಕು. ಪೈರು ತಿನ್ನುವ ಮೊಲವನ್ನೂ ರೈತ ಕೊಲ್ಲುವಂತಿರಲಿಲ್ಲ. ಎಷ್ಟೋ ಊರುಗಳಲ್ಲಿ ಒಡೆಯನ ಗಿರಣಿಯಲ್ಲಿಯೇ ಹಿಟ್ಟು ಬೀಸಿಸಿ ಅದಕ್ಕೆ ಶುಲ್ಕ ಕೊಡಬೇಕಿತ್ತು. ಮರಣದಂಡನೆಯಲ್ಲಿಯೂ ಭೇದವಿತ್ತು: ಸಾಮಾನ್ಯನಿಗೆ ನೇಣು, ಕುಲೀನನಿಗೆ ಕತ್ತಿ. ಈ ದೊಡ್ಡ ಸವಲತ್ತುಗಳ ಮೇಲೆ ನಮ್ಮ ಡ್ಯೂಕ್ ಹೆಚ್ಚು ಮಸಿ ಖರ್ಚು ಮಾಡುವುದಿಲ್ಲ. ಉಸಿರಾಡುವ ಗಾಳಿಯ ಲೆಕ್ಕ ಯಾರು ಇಡುತ್ತಾರೆ? ಪೀಠ ಕೈತಪ್ಪಬಹುದಿತ್ತು, ಆದ್ದರಿಂದ ಅದರ ಚಿಂತೆ. ಕಂದಾಯದ ವಿನಾಯಿತಿ ತಪ್ಪೀತೆಂದು ಅವನಿಗೆ ತೋರಿರಲೇ ಇಲ್ಲ.

ಇಡೀ ಗ್ರಂಥದ ಕೀಲಿಕೈ 1702ರ ಒಂದು ರಾತ್ರಿಯಲ್ಲಿದೆ. ತನಗಿಂತ ಕಿರಿಯರಿಗೆ ಬಡ್ತಿ ಸಿಕ್ಕಿತೆಂದು ಮುನಿದು ಸೇಂ-ಸಿಮೋನ್ ಸೈನ್ಯದ ಕೆಲಸ ಬಿಟ್ಟ. ಅರಸನಿಗೆ ಅಸಮಾಧಾನವಾಯಿತು. ಅರಸ ಮಲಗುವ ಹೊತ್ತಿಗೆ ಒಬ್ಬ ಆಸ್ಥಾನಿಕನ ಹೆಸರು ಹಿಡಿದು ಕರೆದು ಮೇಣದಬತ್ತಿಯ ದೀಪವನ್ನು ಅವನ ಕೈಗೆ ಕೊಡಿಸುವುದು ಪದ್ಧತಿ. ಕರೆಸಿಕೊಂಡವನು ಕೈಗವಸು ಕಳಚಿ, ಅರಸನ ಉಡುಪು ಬಿಚ್ಚುವಷ್ಟು ಹೊತ್ತು ಬೆಳಕು ಹಿಡಿದು ನಿಲ್ಲಬೇಕು. ಆ ದಿನ ಅರಸ ಕರೆದದ್ದು ಸೇಂ-ಸಿಮೋನನನ್ನೇ! ಆಮೇಲೆ ಮೂರು ವರ್ಷ ಅವನನ್ನು ಕಣ್ಣೆತ್ತಿ ನೋಡಲಿಲ್ಲ. ಅರಸನ ಬಳಿ ಕೊಡಲು ನಿಜವಾದ ವರಗಳು ಸಾಲದಾದಾಗ ಇಂಥ ಹುಸಿವರಗಳನ್ನು ಸೃಷ್ಟಿಸುತ್ತಿದ್ದನೆಂದು ಡ್ಯೂಕನೇ ಬರೆಯುತ್ತಾನೆ. ಕಚೇರಿಯಲ್ಲಿ ದುಡಿದ ಯಾರಿಗೂ ಈ ತಂತ್ರ ತೀರ ಅಪರಿಚಿತವಲ್ಲ. ಒಂದು ಕಾಲಕ್ಕೆ ಸೈನ್ಯ ಕಟ್ಟಿ ಅರಸನನ್ನೇ ಎದುರಿಸಿದ ಕುಲಗಳ ಮಕ್ಕಳು ಈಗ ದೀಪ ಹಿಡಿಯಲು ಸರದಿ ಕಾದರು. ಸವಲತ್ತು ಕೊರಳಿನ ಹಾರವೂ ಆಗಿತ್ತು, ಹಗ್ಗವೂ ಆಗಿತ್ತು.

ಹಗ್ಗವನ್ನು ಕಂಡೂ ಅವನು ಹಾರವನ್ನು ಬಿಡಲಾರ. ಅದೇ ಅವನ ದುರಂತ, ಅದೇ ಪುಸ್ತಕದ ಜೀವ. ರಕ್ತದ ಹಿರಿಮೆಯನ್ನು ಅಷ್ಟು ಸಾರುವ ಈತನ ಮನೆಗೆ ಡ್ಯೂಕ್ ಪದವಿ ಬಂದದ್ದು 1635ರಲ್ಲಿ, ತಂದೆಯ ಕಾಲದಲ್ಲಿ. ಬೇಟೆಯಲ್ಲಿ ಕುದುರೆ ಬದಲಿಸುವಾಗ ಹದಿಮೂರನೆಯ ಲೂಯಿ ನೆಲಕ್ಕಿಳಿಯಬೇಕಾಗದಂತೆ ಎರಡನೆಯ ಕುದುರೆಯನ್ನು ಹಿಂದುಮುಂದಾಗಿ ತಂದು ನಿಲ್ಲಿಸಿದ ಜಾಣತನದಿಂದ ತಂದೆಗೆ ಅರಸನ ಒಲವು ದೊರೆಯಿತಂತೆ. ಈ ಕಥೆಯನ್ನು ಹೇಳಿದವನೂ ಮಗನೇ. 1718ರ ಆಗಸ್ಟ್ 26ರಂದು ಸತ್ತ ಅರಸನ ಅನೌರಸ ಪುತ್ರ ಮೇನ್ ಡ್ಯೂಕನ ಅಂತಸ್ತನ್ನು ಇಳಿಸಿದಾಗ, ಸಂತೋಷದಿಂದ ಪ್ರಾಣವೇ ಹೋದೀತೆಂಬಷ್ಟು ಹಿಗ್ಗಿದನೆಂದೂ ನಾಚದೆ ಒಪ್ಪಿಕೊಳ್ಳುತ್ತಾನೆ.

ನನಗೆ ಅವನ ಮೇಲೆ ವಿಶ್ವಾಸ ಹುಟ್ಟಿಸಿದ್ದು 1709ರ ಚಳಿಗಾಲದ ಪುಟಗಳು. ಆ ಜನವರಿಯಲ್ಲಿ ವರ್ಸೇಲ್ಸಿನ ಕಪಾಟುಗಳಲ್ಲಿದ್ದ ಸೀಸೆಗಳೇ ಹೆಪ್ಪುಗಟ್ಟಿ ಒಡೆದವು. ಹಣ್ಣಿನ ಮರಗಳು ಸತ್ತವು. ಪೈರು ನಾಶವಾಗಿ ಕ್ಷಾಮ ಬಂತು. ಜನರ ಹಸಿವಿನಲ್ಲಿ ಅಧಿಕಾರಿಗಳು ಧಾನ್ಯದ ವ್ಯಾಪಾರ ಮಾಡಿದರೆಂಬ ಗುಮಾನಿಯನ್ನು ಡ್ಯೂಕ್ ಕೋಪದಿಂದ ದಾಖಲಿಸುತ್ತಾನೆ. ಯುದ್ಧದ ಖರ್ಚಿಗೆ ಕುಲೀನರು ಬೆಳ್ಳಿಯ ಪಾತ್ರೆಗಳನ್ನು ಟಂಕಸಾಲೆಗೆ ಒಪ್ಪಿಸತೊಡಗಿದಾಗ ತಾನೇನು ಮಾಡಿದನೆಂಬುದನ್ನೂ ಬರೆಯುತ್ತಾನೆ: ಎಲ್ಲರಿಗಿಂತ ಹಿಂದೆ ಉಳಿದು, ಒಂದಿಷ್ಟು ಕಳಿಸಿ, ಮಿಕ್ಕದ್ದನ್ನು ಭದ್ರವಾಗಿ ಒಳಗಿಡಿಸಿದ. ತನ್ನ ವಿರುದ್ಧವೇ ಹೀಗೆ ಸಾಕ್ಷಿ ನುಡಿಯುವ ಧೈರ್ಯ ಎಷ್ಟು ಆತ್ಮಕಥೆಗಳಿಗಿದೆ?

ಆದರೂ ಒಂದು ಕೊರತೆಯನ್ನು ಮುಚ್ಚಿಡಲಾರೆ. ಹಸಿದ ಜನ ಇಲ್ಲಿ ಗುಂಪಾಗಿ ಬರುತ್ತಾರೆ, ಮುಖವಾಗಿ ಬರುವುದಿಲ್ಲ. ಸಾಯುವ ರಾಜಕುಮಾರನ ಕೋಣೆಯಲ್ಲಿ ಯಾರ ಕಣ್ಣು ಒದ್ದೆಯಾಯಿತು, ಯಾರದು ಆಗಲಿಲ್ಲ ಎಂದು ಎಣಿಸಬಲ್ಲ ಕಲಾವಿದನಿಗೆ ಒಬ್ಬ ರೈತನ ಮುಖ ನೋಡುವ ಅಗತ್ಯ ತೋರಲಿಲ್ಲ. ಇದು ಅವನೊಬ್ಬನ ಕುರುಡಲ್ಲ, ಅವನ ವರ್ಗದ ಕುರುಡು. ಆ ವರ್ಗ ಏಕೆ ಬಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ.

ಡ್ಯೂಕ್ ಸಾಲದಲ್ಲಿ ಮುಳುಗಿಯೇ ಸತ್ತ. 1760ರಲ್ಲಿ ಸರ್ಕಾರ ಅವನ ಕಾಗದಗಳನ್ನು ವಶಪಡಿಸಿಕೊಂಡು ವಿದೇಶಾಂಗ ಖಾತೆಯ ಭಂಡಾರಕ್ಕೆ ಸೇರಿಸಿತು. ಅವನು ಬರೆದಂತೆಯೇ ಪುಸ್ತಕ ಅಚ್ಚಾಗತೊಡಗಿದ್ದು 1829ರಲ್ಲಿ. ಅಷ್ಟರಲ್ಲಿ, 1789ರ ಆಗಸ್ಟ್ 4ರ ರಾತ್ರಿ ರಾಷ್ಟ್ರಸಭೆ ಆ ಸವಲತ್ತುಗಳನ್ನು ಕಿತ್ತುಹಾಕಲು ನಿಶ್ಚಯಿಸಿ ನಲವತ್ತು ವರ್ಷ ಕಳೆದಿತ್ತು. ಯಾವ ಪೀಠಗಳಿಗಾಗಿ ಅವನು ಬಡಿದಾಡಿದನೋ ಅವು ಬೆಲೆ ಕಳೆದುಕೊಂಡಿದ್ದವು. ಉಳಿದದ್ದು ಅವನ ಸಿಟ್ಟು ಮತ್ತು ಅವನ ಕಣ್ಣು. ಅರಸನ ಮಂಚದ ಬಳಿ ಆ ರಾತ್ರಿ ಹಿಡಿದ ದೀಪ ಕ್ಷಣಕಾಲದ್ದು. ಬರೆಯುವಾಗ ಹಿಡಿದ ದೀಪ ಈಗಲೂ ಉರಿಯುತ್ತಿದೆ.