ತುಂಡರಿಸುವ ಗೆರೆ: ವಾದಕನ ಕಂಚಿನ ಕೈ ಮತ್ತು ಅದರ ಚಿತ್ರಜೋಡಣೆ

ಪೋಲೆಂಡ್ ಮೂಲದ ಪಿಯಾನೋ ವಾದಕ, ವಾಗ್ಗೇಯಕಾರ ಶೋಪಾನ್ 1849ರ ಅಕ್ಟೋಬರ್ 17ರಂದು ಪ್ಯಾರಿಸ್ಸಿನಲ್ಲಿ ನಿಧನ ಹೊಂದಿದಾಗ ಶಿಲ್ಪಿ ಕ್ಲೆಸಾಂಜೆ ಆತನ ಮುಖದ ಹಾಗೂ ಎಡಗೈಯ ಅಚ್ಚುಗಳನ್ನು ತೆಗೆದನು. ಆ ಕೈಯ ಪ್ಲಾಸ್ಟರ್ ಪ್ರತಿಗಳೂ ಕಂಚಿನ ಎರಕಗಳೂ ಮುಂದೆ ಹಲವು ಸಂಗ್ರಹಗಳನ್ನು ಸೇರಿದವು. ಇಂತಹ ಕೃತಿಗಳ ಛಾಯಾಚಿತ್ರವನ್ನು ರಟ್ಟಿಗೆ ಅಂಟಿಸಿ, ನೂರಾರು ತುಣುಕುಗಳಾಗಿ ಕತ್ತರಿಸಿ, ‘ಜಿಗ್‌ಸಾ’ ಎಂಬ ಚಿತ್ರಜೋಡಣೆಯ ಆಟವಾಗಿ ಮಾರುವ ಪದ್ಧತಿ ಇಂದು ವ್ಯಾಪಕವಾಗಿದೆ. ಇದನ್ನು ಕೇವಲ ವ್ಯಾಪಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಶಿಲ್ಪವೊಂದು ಪ್ರತಿಕೃತಿಯಾಗುವಾಗ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ಬೇರೆ ಸಿಗುವುದು ಕಷ್ಟ.

ಈ ಕೈ ಶಿಲ್ಪಿಯ ಕಲ್ಪನೆಯಿಂದ ಮೂಡಿದುದಲ್ಲ. ಮೃತದೇಹದಿಂದ ನೇರವಾಗಿ ಪಡೆದ ಅಚ್ಚು. ಆದುದರಿಂದ ಅದು ಶಿಲ್ಪಕ್ಕಿಂತ ಸ್ಮಾರಕಾವಶೇಷಕ್ಕೆ ಹತ್ತಿರ. ಅದರ ಮುಂದೆ ವಾದ್ಯವಿಲ್ಲ, ಹಿಂದೆ ತೋಳಿಲ್ಲ. ಇದು ಸಂಗೀತಗಾರನ ಕೈ ಎಂದು ತಿಳಿಸುವುದು ಜೊತೆಗಿರುವ ಹೆಸರೇ ಹೊರತು ಬೆರಳುಗಳಲ್ಲ. ಕನ್ನಡ ನಾಡಿನ ಶಿಲ್ಪ ಪರಂಪರೆ ಇದಕ್ಕಿಂತ ಭಿನ್ನವಾದ ದಾರಿ ಹಿಡಿದಿದೆ. 1117ರ ಬೇಲೂರು ದೇವಾಲಯದ ಮದನಿಕೆಗಳಲ್ಲಿ ಚರ್ಮವಾದ್ಯ ನುಡಿಸುವವಳ ಕೈಯನ್ನು ವಾದ್ಯದಿಂದಾಗಲಿ, ಬಾಗಿದ ನಡುವಿನಿಂದಾಗಲಿ ಬೇರ್ಪಡಿಸಿ ನೋಡಲಾಗದು. ಅಲ್ಲಿ ನಾದವನ್ನು ಸೂಚಿಸುವುದು ಇಡೀ ದೇಹ.

ಹಾಗಾದರೆ ಈಗಾಗಲೇ ತುಂಡಾಗಿರುವ ಕೈಯನ್ನು ಮತ್ತೆ ತುಂಡರಿಸಿದಾಗ ಆಗುವುದೇನು? ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ 1760ರ ದಶಕದಲ್ಲಿ ಭೂಪಟಗಳನ್ನು ಮರದ ಹಲಗೆಗೆ ಅಂಟಿಸಿ ಕತ್ತರಿಸಿದಾಗ ಗರಗಸ ದೇಶಗಳ ಗಡಿಯನ್ನು ಅನುಸರಿಸುತ್ತಿತ್ತು. ಒಂದೊಂದು ತುಣುಕಿಗೂ ಒಂದೊಂದು ಹೆಸರಿತ್ತು; ಮಕ್ಕಳು ಭೂಗೋಳ ಕಲಿಯಲೆಂದೇ ಅದನ್ನು ರೂಪಿಸಲಾಗಿತ್ತು. 1930ರ ದಶಕದಲ್ಲಿ ಯಂತ್ರದ ಅಚ್ಚಿನಿಂದ ಒತ್ತಿ ಕತ್ತರಿಸಿದ ರಟ್ಟಿನ ಆಟಗಳು ಅಗ್ಗವಾಗಿ ಹರಡಿದ ಮೇಲೆ ಈ ಸಂಬಂಧ ಕಡಿದುಹೋಯಿತು. ಯಾವ ಚಿತ್ರವಾದರೂ ಒಂದೇ ಅಚ್ಚು. ವಾದಕನ ಬೆರಳ ಗೆಣ್ಣುಗಳಲ್ಲಿ ಅಭ್ಯಾಸದ ಚರಿತ್ರೆಯಿದ್ದರೂ ಕತ್ತರಿಯ ಗೆರೆ ಅವುಗಳನ್ನು ಗಮನಿಸದೆ ಹಾದುಹೋಗುತ್ತದೆ.

ಸಾಮಾನ್ಯವಾಗಿ ಆಟಗಾರ ಅಂಚಿನ ತುಣುಕುಗಳಿಂದ ಆರಂಭಿಸುತ್ತಾನೆ. ಆದರೆ ಶಿಲ್ಪಕ್ಕೆ ಚೌಕಟ್ಟಿಲ್ಲ, ಚೌಕಟ್ಟಿರುವುದು ಛಾಯಾಚಿತ್ರಕ್ಕೆ. ಹಿನ್ನೆಲೆ ಕಪ್ಪಾಗಿದ್ದರೆ ಕೈಗಿಂತ ಶೂನ್ಯವನ್ನು ಜೋಡಿಸುವುದರಲ್ಲೇ ಹೆಚ್ಚು ಕಾಲ ಕಳೆಯಬೇಕು. ಬೆರಳುಗಳ ಸ್ಥಾನ ತಿಳಿಯಲು ನೆರವಾಗುವುದು ಕಂಚಿನ ಮೇಲೆ ಬಿದ್ದ ಬೆಳಕು. ಅದು ಕ್ಲೆಸಾಂಜೆಯ ಸೃಷ್ಟಿಯಲ್ಲ, ಛಾಯಾಗ್ರಾಹಕನ ದೀಪ. ಕಂಚಿನ ತೂಕ, ತಂಪು, ಅಂಗೈಯ ಕಾಣದ ಮಗ್ಗುಲು ಇವಾವುವೂ ರಟ್ಟಿಗೆ ಇಳಿಯುವುದಿಲ್ಲ. ಆದರೂ ಈ ಆಟಕ್ಕೆ ಒಂದು ಗುಣವಿದೆಯೆಂದು ಒಪ್ಪಬೇಕು: ಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯ ಮುಂದೆ ಅರೆಗಳಿಗೆ ನಿಂತು ಸಾಗುವ ಕಣ್ಣನ್ನು ಅದು ಉಗುರಿನ ಬುಡದ ಒಂದು ನೆರಳಿನ ಬಳಿ ಬಹಳ ಹೊತ್ತು ನಿಲ್ಲಿಸುತ್ತದೆ.

ಎರಕ, ಸಂಗೀತ, ಆಟ ಈ ಮೂರೂ ಕನ್ನಡ ನಾಡಿನ ಒಂದೇ ಗ್ರಂಥದಲ್ಲಿ ಸೇರಿವೆ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ವು ಮೇಣದ ಪ್ರತಿಮೆಗೆ ಮಣ್ಣು ಲೇಪಿಸಿ, ಮೇಣ ಕರಗಿಸಿ, ಲೋಹ ಎರೆಯುವ ವಿಧಾನವನ್ನು ವಿವರಿಸುತ್ತದೆ, ಗೀತ, ವಾದ್ಯ, ನೃತ್ಯಗಳನ್ನು ವಿನೋದಗಳೆಂದೂ ಪ್ರಹೇಲಿಕೆಯನ್ನು ಕ್ರೀಡೆಯೆಂದೂ ಎಣಿಸುತ್ತದೆ. ಪ್ರಹೇಲಿಕೆ ಎಂದರೆ ಒಗಟು. ಒಗಟಿಗೆ ಉತ್ತರ ಕೊನೆಯಲ್ಲಿ ಸಿಗುತ್ತದೆ. ಚಿತ್ರಜೋಡಣೆಯಲ್ಲಿ ಅದು ಡಬ್ಬಿಯ ಮುಚ್ಚಳದ ಮೇಲೇ ಅಚ್ಚಾಗಿರುತ್ತದೆ! ಹೀಗಾಗಿ ಜೋಡಿಸುವವನು ಶಿಲ್ಪವನ್ನು ಶೋಧಿಸುವುದಿಲ್ಲ, ಮುಚ್ಚಳದ ಚಿತ್ರವನ್ನು ಅನುಕರಿಸುತ್ತಾನೆ.

ಬಿಡಿಭಾಗಗಳಿಂದ ಇಡಿಯನ್ನು ಕಟ್ಟುವ ಕ್ರಮ ನಮ್ಮ ಶಿಲ್ಪಿಗಳಿಗೂ ಅಪರಿಚಿತವಲ್ಲ. ಲಕ್ಕವಳ್ಳಿಯಿರುವ ತರೀಕೆರೆ ತಾಲ್ಲೂಕಿನಲ್ಲೇ ಅಮೃತಾಪುರವಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಇಲ್ಲಿ ದೇವಾಲಯ ಕಟ್ಟಿಸಿದನು. ಇಲ್ಲಿಯ ಶಾಸನದ ಕವಿ ಜನ್ನ. ತೆರೆದ ಮಂಟಪದ ಕೆಳಗೋಡೆಯ ಮೇಲೆ 140 ಕಥಾಫಲಕಗಳಿವೆ: ದಕ್ಷಿಣದಲ್ಲಿ ರಾಮಾಯಣದ 70, ಉತ್ತರದಲ್ಲಿ ಕೃಷ್ಣಕಥೆಯ 25 ಹಾಗೂ ಮಹಾಭಾರತದ 45. ರಾಮಾಯಣ ಇಲ್ಲಿ ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣ ಕ್ರಮದಲ್ಲಿ ಸಾಗುತ್ತದೆ. ನೋಡುವವನು ಕಥೆಯನ್ನು ಹಿಡಿಯಬೇಕಾದರೆ ತನ್ನ ನಡಿಗೆಯ ದಿಕ್ಕನ್ನೇ ಬದಲಿಸಬೇಕು. ಒಂದೊಂದು ಫಲಕವೂ ಒಂದು ಸನ್ನಿವೇಶ. ಬೇರ್ಪಡಿಸಿದರೂ ಅದಕ್ಕೆ ಅರ್ಥವಿರುತ್ತದೆ, ಸಾಲಿನಲ್ಲಿಟ್ಟಾಗ ಅರ್ಥ ಹೆಚ್ಚುತ್ತದೆ. ಸ್ಪಿಲ್ಸ್‌ಬರಿಯ ಗಡಿಗೆರೆಗೂ ಇದಕ್ಕೂ ಇರುವ ಸಾಮ್ಯ ಆಕಸ್ಮಿಕವಾದರೂ ಬೋಧಪ್ರದ. ಎರಡರಲ್ಲೂ ಬಿರುಕು ಅರ್ಥದ ಸಂಧಿಯಲ್ಲೇ ಇದೆ.

ದೇವಾಲಯಗಳೂ ಸಂಗ್ರಹಾಲಯಗಳೂ ತಮ್ಮ ಶಿಲ್ಪಗಳನ್ನು ಇಂತಹ ಆಟಗಳಿಗೆ ಒದಗಿಸುವುದಾದರೆ ಯೋಚಿಸಬೇಕಾದುದು ಮುದ್ರಣದ ಅಂದವನ್ನಲ್ಲ, ಕತ್ತರಿಸುವ ಗೆರೆಯನ್ನು. ಗೆಣ್ಣು, ಮಣಿಕಟ್ಟು, ವಾದ್ಯದ ಅಂಚುಗಳ ಮೇಲೆ ಅದು ಹಾಯಲಿ. ಒಂದೇ ಕೈಯನ್ನು ಅಂಗೈ ಹಾಗೂ ಹಿಂಗೈ ಎರಡೂ ಕಡೆಯಿಂದ ಮುದ್ರಿಸಲಿ. ಮೂಲಕೃತಿಯ ಅಳತೆ, ತೂಕ, ಲೋಹಗಳನ್ನು ಡಬ್ಬಿಯ ಮೇಲೆ ನಮೂದಿಸಲಿ. ಮುಚ್ಚಳದ ಮೇಲೆ ಪೂರ್ಣಚಿತ್ರವನ್ನು ಅಚ್ಚಿಸದಿರುವುದೂ ಸಾಧ್ಯ.